ಕರೆಂಟ್ ಗಾಡಿ, ಸೊಸಿ ಕಾಲು ಮತ್ತ ನನ್ನ ದಾರದ ಗಂಟು

ಬರ್ರಿ, ಇತ್ತಾಗ ಬರ್ರಿ. ಕಟ್ಟಿ ಮ್ಯಾಲೆ ಬಿಸಲು ಬಂದೈತಿ, ಒಳಗ ಚಾಪಿ ಹಾಸೇನಿ, ಕಾಲು ಚಾಚಿ ಕುಂದರ್ರಿ. ಇವತ್ತ ನಾ ಸಿಟ್ಟಿಲೇ ಹೇಳ್ತೇನಿ. ನಡುವ ನಗಿ ಬಂದ್ರ ನಗ್ರಿ, ಆದ್ರ ನನ್ನ ಸಿಟ್ಟು ಸುಳ್ಳು ಅಂತ ಮಾತ್ರ ತಿಳೀಬ್ಯಾಡ್ರಿ. ಇಂಥಾವು ನಮ್ಮ ಮನಿಯನ್ನೇ ಯಾಕ ಹುಡಿಕ್ಕೊಂಡು ಬರ್ತಾವೋ ಗೊತ್ತಿಲ್ಲ. ಮಗ್ಗ ಇದ್ದಾಗ ಮಗ್ಗ ಕಾಡ್ತು, ಬೋರಿನ ಮೋಟರ್ ಬಂದಾಗ ಮೋಟರ್ ಕಾಡ್ತು, ಈಗ ಹದಿನಾಲ್ಕು ತಿಂಗಳ ಹಿಂದ ಬಂದ ಕರೆಂಟ್ ಕಾರು. ನನಗ ಬರಿಯಾಕ ಬರೂದಿಲ್ಲ. ನಾ ಹೇಳ್ತೇನಿ, ಸೊಸಿ ಬರೀತಾಳ. ನಡುವ ಆಕಿ "ಅತ್ತಿಯವರ, ಇಷ್ಟು ಬೈಗಳ ಬ್ಯಾಡ್ರಿ" ಅಂತ ಅಳಸ್ತಾಳ. ಅಳಸಿದ್ದನ್ನ ನೀವ ಹಾಕ್ಕೊಂಡು ಓದ್ರಿ.

ಇಂಜಿನ್ ಎಲ್ಲೈತಿ?

ನಮ್ಮದು ಇಳಕಲ್ಲ. ಸೊಸಿ ಅಮೀನಗಡದ ಹೈಸ್ಕೂಲಿನ್ಯಾಗ ಗಣಿತದ ಅಕ್ಕೋರು. ಹನ್ನೊಂದು ವರ್ಷ ಬಸ್ಸಿನ್ಯಾಗ ಹೋದಾಕಿ. ಹುನಗುಂದದಾಗ ಇಳಿಯೂದು, ಇನ್ನೊಂದು ಬಸ್ಸಿಗೆ ಕಾಯೂದು, ಅಮೀನಗಡ ತನಕ ನಿಂತು ಹೋಗೂದು. ಸಂಜಿಗೆ ಮನಿಗೆ ಬಂದ್ರ ಕಾಲು ಬಾತು ಕಂಬ ಆಗಿರ್ತಿದ್ವು. ಕಡೀಕ ತನ್ನ ಪಗಾರದಾಗ ಉಳಿಸಿ, ತಾನ ಓಡಸಾಕ ಕಲ್ತು, ಕಾರು ತಂದ್ಳು. ನನ್ನ ಮಗಗ ಇವತ್ತಿಗೂ ಗಾಡಿ ಓಡಸಾಕ ಬರೂದಿಲ್ಲ. ಆದ್ರ ಬಾಜೂಕ ಕುಂತು ಹೆಂಗ ಓಡಸಬೇಕು ಅಂತ ಹೇಳಾಕ ಭಾಳ ಚೊಲೋ ಬರ್ತೈತಿ.

ಗಾಡಿ ಬಂದ ದಿನ ಪಕ್ಕದ ಮನಿ ಚಾಚಾ ಬಂದ್ರು. ಅವರದು ಗ್ಯಾರೇಜು. ಬಾನೆಟ್ ಎತ್ತಿದ್ರು, ಬಗ್ಗಿ ನೋಡಿದ್ರು, ಎದ್ದು ನನ್ನ ಮಾರಿ ನೋಡಿದ್ರು.

"ಅವ್ವಾರ, ನಿಮಗ ಮೋಸ ಆಗೇತಿ. ಇಂಜಿನ್ ಹಾಕೂದ ಮರತಾರ."

"ಇದಕ್ಕ ಇಂಜಿನ್ ಇರೂದಿಲ್ರಿ ಚಾಚಾ, ಬ್ಯಾಟರಿ ಇರ್ತೈತಿ."

"ಆಯಿಲ್?"

"ಅದೂ ಇಲ್ರಿ."

ಚಾಚಾ ಬಾನೆಟ್ ಸಾವಕಾಶ ಮುಚ್ಚಿದ್ರು. "ಹಂಗಾರ ಇದು ಕೆಟ್ಟ ದಿನ ನನ್ನ ಕರೀಬ್ಯಾಡ್ರಿ, ಸತ್ತವರ ಮನಿಗೆ ಹೋದಂಗ ಮಾತಾಡಸಾಕ ಬರ್ತೇನಿ" ಅಂದ್ರು.

ಚಾರ್ಜಿನ ಸ್ವಿಚ್ ಪಡಸಾಲ್ಯಾಗ, ನನ್ನ ಹೊರಸಿನ ಬಾಜೂಕ. ಮೀಟರ್ ಇಪ್ಪತ್ತಕ್ಕ ಇಳದ ಮ್ಯಾಲೆ ಹಚ್ಚಬೇಕು, ಪೂರ್ತಿ ತುಂಬಿದ ಮ್ಯಾಲೆ ತಗೀಬೇಕು ಅಂತ ಶೋರೂಂದವರು ಹೇಳಿದ್ರು. ಆ ಕೆಲಸ ನನಗ ಬಂತು. ಮಗ್ಗ ಇದ್ದಾಗ ನಾ ಒಂದು ಸೀರಿ ಇಳದ್ರ ದಾರಕ್ಕ ಒಂದು ಗಂಟು ಹಾಕ್ತಿದ್ದೆ. ಅದ ರೂಢಿ ಇಲ್ಲೂ ಹಿಡದೆ. ಚಾರ್ಜಿಗೆ ಹಚ್ಚಿದ್ರ ಒಂದು ಕೆಂಪು ರೇಷ್ಮಿ ಎಳಿ ಕಟ್ಟೂದು, ಸೊಸಿ ಅಮೀನಗಡಕ್ಕ ಹೋಗಿ ಬಂದ್ರ ಬರೇ ಗಂಟು. ದಾರ ಎಲಿ ಅಡಕಿ ಚೀಲದಾಗ. ಮೊದಮೊದಲು ಒಂದು ಕೆಂಪಿನಿಂದ ಇನ್ನೊಂದು ಕೆಂಪಿನ ತನಕ ನಾಕು ಗಂಟು ಬೀಳ್ತಿದ್ವು.

ಬದಾಮಿಯ ಕುಬಸ

ಬ್ಯಾಸಗ್ಯಾಗ ಬದಾಮಿಯೊಳಗ ನಮ್ಮ ಬೀಗರ ಮನ್ಯಾಗ ಅವರ ಬಸರಿ ಸೊಸಿಯ ಕುಬಸ ಇತ್ತು. ಅಷ್ಟೊತ್ತಿಗೆ ಗಾಡಿ ನಾಕು ಗಂಟು ಬಿಟ್ಟು ಮೂರಕ್ಕ ಬಂದಿತ್ತು. ಮಗ ಹೊಂಟ ಕೂಡಲೇ ಶುರು ಮಾಡಿದ.

"ಎಸಿ ಹಚ್ಚಬ್ಯಾಡ, ಚಾರ್ಜ್ ತಿಂತೈತಿ."

ಸೊಸಿ ಎಸಿ ಬಂದ್ ಮಾಡಿ ಕಿಟಕಿ ಇಳಿಸಿದ್ಳು.

"ಕಿಟಕಿ ತಗೀಬ್ಯಾಡ, ಗಾಳಿ ಒಳಗ ಹೊಕ್ಕರ ಗಾಡಿ ತಡೀತೈತಿ, ಅದೂ ಚಾರ್ಜ್ ತಿಂತೈತಿ."

"ಉಸರಾಡಬಹುದೇನೋ, ಇಲ್ಲಾ ಅದೂ ತಿಂತೈತೋ?" ಅಂತ ನಾ ಕೇಳಿದೆ. ಅಂವ ಫೋನ್ ನೋಡಾಕತ್ತ.

ಬದಾಮಿ ಮುಟ್ಟೂದ್ರಾಗ ಇಳಕಲ್ ಸೀರಿ ಮೈಗೆ ಅಂಟಿ, ಕುಂಕುಮ ಮೂಗಿನ ತುದಿಗೆ ಬಂದಿತ್ತು. ಬೀಗತಿ ಬಾಗಲದಾಗ ನಿಂತು, "ಅಯ್ಯ ಅಕ್ಕಾ, ಹೊಳಿ ದಾಟಿ ಬಂದ್ರೇನ?" ಅಂದ್ಳು.

ಹೊಳ್ಳಿ ಬರಾಕ ಚಾರ್ಜ್ ಸಾಲೂದಿಲ್ಲ. ಮಗ ಹೇಳದ ಕೇಳದ ಅವರ ಅಡಗಿ ಮನಿ ಕಿಟಕಿಯೊಳಗ ವಾಯರ್ ತೂರಿಸಿ, ಗ್ರೈಂಡರಿನ ಪ್ಲಗ್ ಕಿತ್ತು ಗಾಡಿದು ಹಾಕಿದ. ಅತ್ತ ಹೋಳಿಗಿ ಹೂರಣ ಅರ್ಧಕ್ಕ ನಿಂತಿತು. ಸ್ವಲ್ಪ ಹೊತ್ತಿಗೆ ಫ್ಯೂಸ್ ಹೋಗಿ ಫ್ಯಾನೂ ನಿಂತ್ವು. ಬೀಗತಿ ಸೌಟು ಹಿಡಕೊಂಡು ಹೊರಗ ಬಂದ್ಳು.

"ಏನ್ರಿ ಬೀಗರ, ಇವತ್ತ ಕುಬಸ ನಮ್ಮ ಸೊಸಿದೋ, ನಿಮ್ಮ ಗಾಡಿದೋ?"

ನಾ ಬೀಗತಿ ಸೆರಗಿನ ಒಂದು ಹಸರು ಎಳಿ ಹರಕೊಂಡು ನನ್ನ ದಾರಕ್ಕ ಕಟ್ಟಿಕೊಂಡೆ. ಮರೀಬಾರದು ಅಂತ.

ಕರದಂಟಿನ ಮ್ಯಾಲೆ ಓಡೂ ಗಾಡಿ

ಮಳಿಗಾಲ ಮುಗಿಯೂದ್ರಾಗ ಗಂಟು ಎರಡಕ್ಕ ಬಂದ್ವು. ಸೊಸಿ ಸಾಲಿ ಬಿಟ್ಟು ಹೊಂಟಾಕಿ ಮೀಟರ್ ನೋಡಿ ಅಂಜಿ ಅಮೀನಗಡದಾಗ ಒಂದು ಕರದಂಟಿನ ಅಂಗಡಿ ಮುಂದ ನಿಲ್ಲಸಾಕ ಶುರು ಮಾಡಿದ್ಳು. ಅಂಗಡಿಯವ ಚೊಲೋ ಮನಷ್ಯಾ. "ಹಚ್ಚಕೊಳ್ರಿ ಅಕ್ಕೋರ, ನನ್ನ ಮಗಾ ನಿಮ್ಮ ಕಡೆನ ಕಲ್ತಾನ" ಅಂದು ಪ್ಲಗ್ ಕೊಟ್ಟ, ರೊಕ್ಕ ಮುಟ್ಟಲಿಲ್ಲ. ಅಲ್ಲಿ ಅಷ್ಟಿಷ್ಟು ಹಚ್ಚಿದ್ರೂ ನನ್ನ ದಾರದಾಗ ಗಂಟು ಎರಡು ದಾಟಲಿಲ್ಲ. ಪುಕ್ಕಟ ಕರೆಂಟ್ ತಗೊಂಡು ಬರೇ ಕೈಲೇ ಹೆಂಗ ಬರೂದು? ಸೊಸಿ ಪ್ರತಿ ಸಲ ಒಂದು ಡಬ್ಬಿ ಕರದಂಟು ಕೊಂಡು ಬರಾಕತ್ತಿದ್ಳು.

ಮನ್ಯಾಗ ಎಲ್ಲಿ ನೋಡಿದ್ರೂ ಕರದಂಟು. ಬಂದವರಿಗೆ ಚಾ ಬದಲಿ ಕರದಂಟು, ಹೋಗೋರಿಗೆ ಕರದಂಟು. ಹಾಲಿನವ "ಬ್ಯಾಡ್ರಿ ಆಯಿ, ಹಲ್ಲು ನೋಯ್ತಾವು" ಅಂತ ಗೇಟಿನ್ಯಾಗ ಹಾಲಿಟ್ಟು ಓಡಾಕತ್ತ. ನಾ ಒಂದೊಂದು ತುಂಡು ಬಾಯಾಗ ಹಾಕ್ಕೊಂತ ಹಾಕ್ಕೊಂತ ದವಾಖಾನಿಗೆ ಹೋಗೂ ಹೊತ್ತು ಬಂತು. ಡಾಕ್ಟರ್ ಕಾಗದ ನೋಡಿ, "ಏನಾಯ್ತ್ರಿ ಆಯಿ, ಸಕ್ಕರಿ ಇಷ್ಟು ಏರೇತಿ?" ಅಂದ್ರು.

"ಗಾಡಿ ಬ್ಯಾಟರಿ ಕೆಟ್ಟೈತ್ರಿ" ಅಂದೆ.

ಡಾಕ್ಟರ್ ಕಾಗದ ಬಿಟ್ಟು ನನ್ನ ಕಣ್ಣಾಗ ಬ್ಯಾಟರಿ ಬಿಟ್ಟು ನೋಡಿದ್ರು.

ಕಾಲು ಭಾರ ಅಂದವ

ಬಾಗಲಕೋಟಿ ಶೋರೂಮಿಗೆ ಹೋದ್ವಿ. ಇಂಜಿನಿಯರ್ ಅಂತ ಒಬ್ಬ ಬಂದ, ಗಾಡಿಗೆ ಲ್ಯಾಪ್‌ಟಾಪ್ ಹಚ್ಚಿದ. "ನೋಡ್ರಿ, ಎಲ್ಲಾ ಹಸರು ಬಂದೈತಿ. ಬ್ಯಾಟರಿ ಎ-ಒನ್ ಐತಿ" ಅಂದ.

"ಮತ್ತ ಮೊದಲಿನ ಅರ್ಧಾ ದಾರಿಗೆ ಯಾಕ ಖಾಲಿ ಆಗ್ತೈತ್ರಿ?" ಅಂದ್ಳು ಸೊಸಿ.

ಅಂವ ಆಕಿಗೆ ಉತ್ತರ ಕೊಡಲಿಲ್ಲ, ನನ್ನ ಮಗಗ ಕೊಟ್ಟ. "ಸರ್, ಲೇಡೀಸ್ ಓಡಸಿದ್ರ ಹಂಗ ಆಗ್ತೈತ್ರಿ. ಕಾಲು ಭಾರ ಇರ್ತೈತಿ, ಒತ್ತೂದು ಬಿಡೂದು ಗೊತ್ತಾಗೂದಿಲ್ಲ."

ನನ್ನ ಮಗ, ಸ್ಟೇರಿಂಗ್ ಮುಟ್ಟಿದವ ಅಲ್ಲ, "ಹೌದ್ರಿ, ನಾನೂ ಅದನ್ನ ಹೇಳ್ತೇನಿ" ಅಂತ ಗೋಣು ಹಾಕಿದ.

ನನ್ನ ನೆತ್ತಿ ಸುಟ್ಟು ಹೋತು. "ಲೇ ತಮ್ಮಾ, ನಾನೂ ಇದ್ರಾಗ ಕುಂದರ್ತೇನಿ, ನನಗೇನ ಹೇಳ್ತಿ?" ಅಂದೆ.

ಅಂವ ನನ್ನ ಮ್ಯಾಲಿಂದ ಕೆಳಗ ನೋಡಿ, "ಲೋಡೂ ಜಾಸ್ತಿ ಐತ್ರಿ ಸರ್" ಅಂತ ಬರಕೊಂಡ.

ಮನಿಗೆ ಬಂದ ಮ್ಯಾಲೆ ಮಗ, "ಬ್ಯಾಟರಿ ಬದಲಿ ಮಾಡೂದಿಲ್ಲಂತ. ಮಾರಿ ಬಿಡೂನು. ನೀ ಮತ್ತ ಬಸ್ಸಿಗೆ ಹೋಗು" ಅಂದ. ಸೊಸಿ ಒಳಗ ಹೋಗಿ, ಹಳೀ ಬಸ್ಸಿನ ಚೀಲ ಗ್ವಾಡಿ ಮಾಡದಿಂದ ತಗದು ಧೂಳ ಝಾಡಿಸಿದ್ಳು. ಆ ಝಾಡಿಸೂ ಸಪ್ಪಳ ನನಗ ಕೇಳಾಕ ಆಗಲಿಲ್ಲ. ಮರದಿನ ಮುಂಜಾನೆ ಸಾಲಿಗೆ ರಜಾ ಹಾಕಸಿದೆ. "ನಡಿ ಬಾಗಲಕೋಟಿಗೆ. ಮಾತು ನಾ ಆಡ್ತೇನಿ" ಅಂದೆ.

ಗಂಟು ಎಣಸು

ಅವತ್ತ ಕಂಪನಿಯ ಮ್ಯಾಲಿನ ಸಾಹೇಬ ಒಬ್ಬ ಬಂದಿದ್ದ, ಬೆಂಗಳೂರ ಕಡೆಯವ. ನಾ ಸೀದಾ ಅವನ ಟೇಬಲ್ ಮುಂದ ಕುಂತೆ. ಇಂಜಿನಿಯರ್ ಓಡಿ ಬಂದು, "ಸರ್, ಇವರದು ಡ್ರೈವಿಂಗ್ ಪ್ರಾಬ್ಲಂ" ಅಂದ.

"ನಿಮ್ಮ ಬಳಿ ಏನಾದರೂ ರೆಕಾರ್ಡ್ ಇದೆಯಾ ಅಜ್ಜಿ?" ಅಂದ ಸಾಹೇಬ.

ಗಣಿತದ ಅಕ್ಕೋರು ಸೊಸಿ, ಒಂದು ಚೀಟಿನೂ ಇಟ್ಟಿರಲಿಲ್ಲ. ಮಾರಿ ಕೆಳಗ ಹಾಕಿದ್ಳು. ನಾ ಎಲಿ ಅಡಕಿ ಚೀಲ ಬಿಚ್ಚಿ ದಾರ ತಗದೆ. ಟೇಬಲ್ಲಿನ ಈ ತುದಿಯಿಂದ ಆ ತುದಿಗೆ ಹೋಗಿ, ಕೆಳಗ ಜೋತು ಬಿತ್ತು. ಸುಣ್ಣದ ವಾಸನಿಗೆ ಸಾಹೇಬ ಸೀನಿದ.

"ಕೆಂಪು ಅಂದ್ರ ಚಾರ್ಜಿಗೆ ಹಚ್ಚಿದ್ದು. ಗಂಟು ಅಂದ್ರ ಅಮೀನಗಡಕ್ಕ ಹೋಗಿ ಬಂದಿದ್ದು. ನೀ ಎಣಸು" ಅಂತ ಇಂಜಿನಿಯರಗ ಅಂದೆ. ಅಂವ ಹಲ್ಲು ಕಿಸದ. ಸಾಹೇಬ ನಗಲಿಲ್ಲ. "ಎಣಿಸ್ರಿ" ಅಂದ.

ಅಂವ ಬಗ್ಗಿ ಶುರು ಮಾಡಿದ. "ನಾಕು... ನಾಕು... ನಾಕು..." ಹೋಗ್ತಾ ಹೋಗ್ತಾ "ಮೂರು... ಮೂರು..." ಧ್ವನಿ ಸಣ್ಣದಾತು. "ಎರಡು." ಆಮ್ಯಾಲೆ ತುಟಿ ಅಷ್ಟ ಅಳ್ಳಾಡಿದ್ವು.

"ಜೋರಾಗಿ ಹೇಳೋ. ಕೀಲಿ ಹಾಕ್ಕೊಂಡಿ ಏನು ಬಾಯಿಗೆ? ಗಾಡಿ ಅದ, ದಾರಿ ಅದ, ಓಡಸಾಕಿ ಇಕಿನ. ಕಾಲು ಭಾರ ಇದ್ರ ಮೊದಲನೇ ದಿನದಿಂದ ಭಾರ ಇರಬೇಕಾಗಿತ್ತಲ್ಲ? ತಿಂಗಳಿಗೊಂದೊಂದು ಸೇರು ಏರ್ತೈತೇನು ಹೆಣಮಕ್ಕಳ ಕಾಲು?"

ಹೊಸಾ ಗಾಡಿ ನೋಡಾಕ ಬಂದವರೂ ಇತ್ತ ಬಂದು ನಿಂತ್ರು. ಸಾಹೇಬ ಲ್ಯಾಪ್‌ಟಾಪ್ ತಾನ ಎಳಕೊಂಡು, ಗಾಡಿ ಬಂದಾಗಿನಿಂದ ಇದ್ದ ಲೆಕ್ಕ ಎಲ್ಲಾ ತಗದು ದಾರದ ಜೋಡಿ ಹೊಂದಿಸಿ ನೋಡಿದ. ಒಂದು ಕಡೆ ಬೆರಳಿಟ್ಟು, "ಇಲ್ಲಿ ಹಸಿರು ದಾರ ಇದೆಯಲ್ಲ ಅಜ್ಜಿ? ಆ ಹೊತ್ತಿಗೆ ಗಾಡಿ ಬೇರೆ ಎಲ್ಲೋ ಚಾರ್ಜ್ ಆಗಿದೆ, ನಡುವೆ ನಿಂತೂ ಹೋಗಿದೆ" ಅಂದ.

"ಅದು ಬದಾಮಿಯ ಕುಬಸ. ನಿಂತಿದ್ದು ಚಾರ್ಜ್ ಒಂದ ಅಲ್ಲ, ಹೋಳಿಗಿನೂ ನಿಂತ್ವು" ಅಂದೆ.

ಸಾಹೇಬ ಕುರ್ಚಿ ಬಿಟ್ಟು ಎದ್ದ. ಮಧ್ಯಾಹ್ನದಾಗ ಬ್ಯಾಟರಿ ಬಿಚ್ಚಿಸಿದ. ಅದ್ರಾಗ ಡಬ್ಬಿ ಡಬ್ಬಿ ಇರ್ತಾವಂತ, ಎರಡು ಡಬ್ಬಿ ಸತ್ತು ಉಳದವನ್ನೂ ಎಳಕೊಂಡು ಹೊಂಟಿದ್ವಂತ. ಹೊಸಾ ಬ್ಯಾಟರಿ ವಾರಂಟಿಯೊಳಗ ಬಂತು.

ಈಗ ಯಾರ್ಯಾರು ಏನಾದ್ರು ಹೇಳಿ ಮುಗಿಸ್ತೇನಿ. ಸೊಸಿ ಬಸ್ಸಿನ ಚೀಲದಾಗ ಈಗ ಉಳ್ಳಾಗಡ್ಡಿ ಇಟ್ಟಾಳ. ಮಗ ಗಾಡಿಯೊಳಗ ಹಿಂದಿನ ಸೀಟಿಗೆ ಹೋಗ್ಯಾನ, ಎಸಿ ಹಚ್ಚಿದ್ರೂ ಮಾತಾಡೂದಿಲ್ಲ. ಚಾಚಾ ಹೇಳಿದಂಗ ಬ್ಯಾಟರಿ ಹೋದಾಗ ಬಂದು ಮಾತಾಡಿಸಿ, ಎರಡು ಕಪ್ಪು ಚಾ ಕುಡದು ಹೋದ್ರು. ಕುಬಸದ ದಿನ ಹೊಟ್ಯಾಗಿದ್ದ ಬದಾಮಿಯ ಕೂಸು ಈಗ ಕರೆಂಟ್ ಹೋದ್ರ ಸಾಕು ಚೀರತೈತಿ, ಬೀಗತಿ ನನ್ನ ಹೆಸರು ಹಿಡದು ಬೈತಾಳ. ಕರದಂಟಿನವ ವ್ಯಾಪಾರ ಕಮ್ಮಿ ಆತು ಅಂತ ಸೊಸಿಗೆ ಫೋನ್ ಮಾಡಿ "ಅಕ್ಕೋರ, ಗಾಡಿ ಮತ್ತ ಯಾವಾಗ ಕೆಡತೈತ್ರಿ?" ಅಂತ ಕೇಳ್ಯಾನ. ಸಾಹೇಬ ಖುಷಿಲೇ ನನಗೊಂದು ನೋಟ್‌ಬುಕ್ಕು, ಒಂದು ಪೆನ್ನು ಕಳಿಸ್ಯಾನ, ಓದು ಬರಹ ಬಾರದಾಕಿಗೆ! ಅದ್ರ ಹಾಳಿ ಎಲಿ ಅಡಕಿ ಕಟ್ಟಾಕ ಚೊಲೋ ಅದಾವು.

ಆ ಇಂಜಿನಿಯರ್ ಅಲ್ಲೇ ಅದಾನ. ಯಾರರ ಬಂದು ಚಾರ್ಜ್ ನಿಂದ್ರವಲ್ತು ಅಂದ್ರ, ಲ್ಯಾಪ್‌ಟಾಪ್ ತಗಿಯೂಕಿಂತ ಮೊದಲ ಕೇಳ್ತಾನಂತ, "ಮನ್ಯಾಗ ಅಜ್ಜಿ ಅದಾರೇನ್ರಿ?" ಅದಾರ ಅಂದ್ರ ಸೀದಾ ಪಾನಾ ಹಿಡಕೊಂಡು ಬ್ಯಾಟರಿ ಬಿಚ್ಚಾಕ ಗಾಡಿ ಕೆಳಗ ಹೊಕ್ಕತಾನಂತ.