ಪತ್ರಾವಳಿಯಲ್ಲಿ ಬಡಿಸಿದ ಬಹುಮತ

‘ಆ ಖೋಲಿ ನನಗೆ ಕೊಡಿ’ ಎಂದು ಬಾಯಿಬಿಟ್ಟು ಕೇಳಿದ್ದರೆ ಅವಧೂತನ ಕೆಲಸ ಅರೆಗಳಿಗೆಯಲ್ಲಿ ಮುಗಿಯುತ್ತಿತ್ತು. ಆದರೆ ಕೇಳುವುದಕ್ಕೆ ನಾಚಿಕೆ. ನಾಚಿಕೆಯವನು ಸುಮ್ಮನಾದರೂ ಇರಬೇಕಷ್ಟೆ? ಇವನು ಜನಾಭಿಪ್ರಾಯ ಸಂಗ್ರಹಿಸಲು ಹೊರಟ.

ಅವಧೂತ ಪುಣೆಯ ಲಷ್ಕರಿನಲ್ಲಿ ಒಬ್ಬ ಬಿಳಿ ಸಾಹೇಬನ ಕೈಕೆಳಗೆ ಗುಮಾಸ್ತ. ಉಳಿದ ಹೊತ್ತಿನಲ್ಲಿ ಸದಾಶಿವ ಪೇಟೆಯ ಕನ್ನಡ ಕ್ಲಬ್ಬಿನ ಸೆಕ್ರೆಟರಿ. ಕ್ಲಬ್ಬೆಂದರೆ ಒಂದು ಹಳೆಯ ವಾಡೆ; ಕೆಳಗೆ ಖಾನಾವಳಿ, ಮಾಳಿಗೆಯ ಮೇಲೊಂದು ಖಾಲಿ ಖೋಲಿ. ಹೆಂಡತಿಯ ಹೆಸರು ಇಂದೂ; ಮದುವೆಯಾಗಿ ವರ್ಷಗಳಾದರೂ ಅವಳು ಧಾರವಾಡದಲ್ಲೇ ಉಳಿದಿದ್ದಳು. ಗುಮಾಸ್ತನ ಸಂಬಳಕ್ಕೆ ಪುಣೆಯಲ್ಲಿ ಬಿಡಾರ ಹುಡುಕುವುದೆಂದರೆ ಬೋಳುತಲೆಯಲ್ಲಿ ಹೇನು ಹುಡುಕಿದ ಹಾಗೆ. ‘ಖೋಲಿ ಆಗೇದ, ಬಾ’ ಎಂದು ಅವಳಿಗೆ ಮೊದಲೇ ಬರೆದುಬಿಟ್ಟಿದ್ದ. ಈ ಭಾನುವಾರ ಮಧ್ಯಾಹ್ನದ ಗಾಡಿಗೆ ಅವಳು ಬರುವವಳು. ಖೋಲಿಯಲ್ಲಿ ಹೊಸ ಜಮಖಾನೆಯನ್ನೂ ಹಾಸಿಯಾಗಿತ್ತು. ಆಗಬೇಕಾದದ್ದು ಖೋಲಿಯೊಂದೇ.

ಅವನ ಸಾಹೇಬ ಏನೇ ಮಾಡುವ ಮುಂಚೆಯೂ ಎಲ್ಲರ ಅಭಿಪ್ರಾಯ ಬರೆಯಿಸಿ ತರಿಸಿಕೊಂಡು, ಆಮೇಲೆ ತನಗೆ ಬೇಕಾದದ್ದನ್ನೇ ಮಾಡುತ್ತಿದ್ದ. ಆ ಯುಕ್ತಿ ಅವಧೂತನಿಗೆ ಬಹಳ ಹಿಡಿಸಿತು. ಸದಸ್ಯರಿಗೆಲ್ಲ ಚೀಟಿ ಹಂಚಿದ. ಊಟ ಹೇಗಿದೆ? ಸ್ವಚ್ಛತೆ ಹೇಗಿದೆ? ಮಾಳಿಗೆಯ ಖೋಲಿಯನ್ನು ಏನು ಮಾಡಬೇಕು? ಮೊದಲಿನವೆರಡು ಮೂರನೆಯದಕ್ಕೆ ಹೊದಿಸಿದ ಚಾದರ. ‘ಹೆಸರು ಬೇಡ, ಮನಸ್ಸು ಬಿಚ್ಚಿ ಬರೆಯಿರಿ’ ಎಂದು ಕೆಳಗೊಂದು ಒಕ್ಕಣೆ.

ಭಾನುವಾರ ಬೆಳಿಗ್ಗೆ ಊಟದ ಪಡಸಾಲೆಯಲ್ಲಿ ಮುತ್ತುಗದೆಲೆಯ ಪತ್ರಾವಳಿಗಳನ್ನು ಸಾಲಾಗಿ ಹಾಸಿ ಕೂತ. ಚೀಟಿಗಳನ್ನು ಪ್ರಶ್ನೆ ಪ್ರಶ್ನೆಯಾಗಿ ಕತ್ತರಿಸಿ, ಹೊಗಳಿಕೆ ಒಂದು ಎಲೆಗೆ, ಬೈಗುಳ ಒಂದು ಎಲೆಗೆ, ಖೋಲಿಯ ಮಾತು ಕೊನೆಯ ಎಲೆಗೆ ಬಡಿಸತೊಡಗಿದ.

ಅರಿವೆ ಅಂಗಡಿಯ ಈರಬಸಪ್ಪ ಬಗ್ಗಿ ನೋಡಿದ. “ಏನ್ರಿ ಸೆಕ್ರೆಟರಿ, ಕಾಗದಕ್ಕೂ ಪಂಕ್ತಿ ಹಾಕೀರೇನು?”

“ನಿಮ್ಮ ಚೀಟಿ ಹೆಸರಿಲ್ಲದನ ಗೊತ್ತಾತ್ರಿ. ಎಲ್ಲಾದಕ್ಕೂ ‘ಮೇಲಿನಂತೆ’ ಅಂತ ಬರದೀರಿ. ಮೊದಲನೇ ಪ್ರಶ್ನೆದ ಮ್ಯಾಲ ಏನದ? ‘ಶ್ರೀ’ ಒಂದ ಅದ!”

“ಅದಕಿಂತಾ ಮ್ಯಾಲಿಂದು ಇನ್ನೇನ್ ಬೇಕ್ರಿ?” ಎಂದು ಈರಬಸಪ್ಪ ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತ.

ಸ್ವಚ್ಛತೆಯ ಪ್ರಶ್ನೆಗೆ ಯಾರೋ ಬರೆದಿದ್ದರು: ‘ನಾ ಊಟಕ್ಕ ಬರೂದ್ರಾಗ ಪಲ್ಯದ ಪಾತೇಲಿ ಭಾಳ ಸ್ವಚ್ಛ ಇರ್ತದ.’ ಇದು ಯಾವ ಎಲೆಗೆ? ತಲೆ ಕೆರೆದುಕೊಳ್ಳುವಷ್ಟರಲ್ಲಿ ಇನ್ನೊಂದು ಬಂತು: ‘ಸಾರು ತೆಳು, ಆದ್ರ ಛಲೋ ಅದ.’

“ಬೈಗುಳ,” ಎಂದ ಈರಬಸಪ್ಪ.

“ಹೊಗಳಿಕಿ,” ಎನ್ನುತ್ತ ಲಾ ಕಾಲೇಜಿನ ದಿಗಂಬರ ನುಗ್ಗಿ ಬಂದ. ವಾದ ಏರಿತು. ಕೊನೆಗೆ ದಿಗಂಬರ ಕತ್ತರಿ ಕಸಿದುಕೊಂಡು ಚೀಟಿಯನ್ನು ಕಚಕ್ಕೆಂದು ಕತ್ತರಿಸಿದ. ‘ಸಾರು ತೆಳು’ ಬೈಗುಳದ ಎಲೆಗೆ, ‘ಛಲೋ ಅದ’ ಹೊಗಳಿಕೆಯ ಎಲೆಗೆ. ಅವಧೂತನ ಅಂಗೈಯಲ್ಲಿ ‘ಆದ್ರ’ ಉಳಿಯಿತು.

“ಇದನ್ನ ಎಲ್ಲೆ ಇಡ್ಲೋ?”

“ಕಿಸೇದಾಗ ಇಟಗೋರಿ. ಮೀಟಿಂಗಿನ್ಯಾಗ ಬೇಕಾಗ್ತದ,” ಎಂದ ದಿಗಂಬರ.

ಕೊನೆಗೆ ಖೋಲಿಯ ಎಲೆ. ಅವಧೂತ ಅದನ್ನು ಹತ್ತಿರಕ್ಕೆ ಎಳೆದುಕೊಂಡ. ಮೊದಲ ತುಂಡು: ‘ಹಿರಿಯರು ಅಂದಂಗ ಆಗಲಿ.’ ಎರಡನೆಯದು: ‘ಹಿರಿಯರು ಅಂದಂಗ ಆಗಲಿ.’ ಹೆಸರು ಬೇಡವೆಂದರೂ ನಮ್ಮವರು ಮರ್ಯಾದೆ ಬಿಡಲಿಲ್ಲ. ಒಬ್ಬನೂ ಮನಸ್ಸು ಬಿಚ್ಚಲಿಲ್ಲ. ಇನ್ನೊಂದು ತುಂಡಿನ ಅಕ್ಷರ ತೀರ ಪರಿಚಿತ ಅನ್ನಿಸಿತು. ಅವನದೇ. ಅದರಲ್ಲೂ ‘ಹಿರಿಯರು ಅಂದಂಗ ಆಗಲಿ.’ ಇನ್ನು ಕ್ಲಬ್ಬಿಗೆ ಹಿರಿಯರೆಂದರೆ ಅಧ್ಯಕ್ಷ ಕೃಷ್ಣಾಜಿರಾಯರು, ನಿವೃತ್ತ ಮಾಮಲೇದಾರರು. ಅವರು ಬರೆದಿದ್ದರು: ‘ಹುಡುಗರು ಅಂದಂಗ ಆಗಲಿ.’

“ಯಾರೂ ಬ್ಯಾಡ ಅಂದಿಲ್ಲಲಾ? ಅಂದಮ್ಯಾಲ ಸೆಕ್ರೆಟರಿಗೆ ಒಪ್ಪಿಗಿ ಅದ ಅಂತನ ಅರ್ಥ,” ಎಂದು ಅವಧೂತ ತನಗೆ ತಾನೇ ಹೇಳಿಕೊಂಡ. ಸಾಹೇಬನ ವಿದ್ಯೆ ಕೈಹತ್ತಿತ್ತು.

ಅಷ್ಟರಲ್ಲಿ ಅಡಿಗೆಯ ರಂಗೂಬಾಯಿ ಸಾರಿನ ಹುಟ್ಟು ಹಿಡಿದೇ ಬಂದಳು. “ಏನಪಾ ಅವಧೂತಾ, ಊರ ಮಂದಿಗೆಲ್ಲಾ ಚೀಟಿ ಕೊಟ್ಟಿ, ನನಗ್ಯಾಕಿಲ್ಲ?”

“ನಿಮಗ ಬರೀಲಿಕ್ಕೆ ಬರೂದಿಲ್ಲಲ್ರೀ ಬಾಯಿ?”

“ಅಕ್ಷರ ಬರೂದಿಲ್ಲ, ಅಭಿಪ್ರಾಯ ಬರ್ತದ. ಬರಿ! ಮಾಳಿಗಿ ಖೋಲಿ ಹಪ್ಪಳ ಒಣಗಸಾಕ ಬೇಕು. ಅಂಗಳದಾಗ ಕಾಗಿ ಕಾಟ.”

ಇಲ್ಲವೆಂದರೆ ಇಂದೂ ಬಂದ ದಿನವೇ ಎಲೆಗೆ ಸಾರಿನ ಬದಲು ಪಾತ್ರೆ ತೊಳೆದ ನೀರು ಬಿದ್ದೀತು. ಅಷ್ಟು ಚೀಟಿಯ ನಡುವೆ ಇದೊಂದು ಏನು ಮಾಡೀತು? ಕಚೇರಿಯ ಗುಂಡಗಿನ ಅಕ್ಷರದಲ್ಲಿ ಬರೆದು ಎಲೆಗೆ ಹಾಕಿದ.

ಊಟವಾದ ಮೇಲೆ ಸಭೆ ಕೂಡಿತು. ಅವಧೂತ ಎದ್ದು ಕೆಮ್ಮಿದ. “ಖೋಲಿ ವಿಷಯದಾಗ ಎಲ್ಲಾರೂ ಹಿರಿಯರಿಗೇ ಬಿಟ್ಟಾರ್ರಿ.”

“ನಾ ಹುಡುಗರಿಗೆ ಬಿಟ್ಟೇನಿ,” ಎಂದರು ಕೃಷ್ಣಾಜಿರಾಯರು.

ಅವಧೂತ ಬಾಯಿ ತೆರೆಯುವಷ್ಟರಲ್ಲಿ ರಾಯರು ಪತ್ರಾವಳಿಯನ್ನೇ ಎಳೆದುಕೊಂಡು, ಚಾಳೀಸು ಏರಿಸಿ, ಒಂದು ತುಂಡು ಹೆಕ್ಕಿದರು.

“ಇಷ್ಟರಾಗ ಖಂಡಿತ ಮಾತು ಇದೊಂದ ಅದ. ಹಪ್ಪಳ! ಇದು ನಿನ್ನ ಅಕ್ಷರ ಅಲ್ಲೇನೋ ಅವಧೂತಾ?”

“ಅಕ್ಷರ ನಂದ್ರಿ, ಆದ್ರ...”

“‘ಆದ್ರ’ ಕತ್ತರಿಸಿಬಿಡ್ರಿ!” ಎಂದು ಹಿಂದಿನಿಂದ ದಿಗಂಬರ ಕೂಗಿದ.

ರಾಯರ ಕಣ್ಣು ಒದ್ದೆಯಾಯಿತು. “ಏನ್ ಹುಡುಗನೋ! ಹೆಂಡತಿ ಬರಾಕತ್ಯಾಳ, ತನಗ ಬಿಡಾರ ಇಲ್ಲ. ಇವನು ಕೇಳಿದ್ರ ನಾ ಇವತ್ತ ಕೀಲಿ ಕೊಡಾಂವ ಇದ್ದೆ. ಇವನು ನಾಲ್ಕು ಮಂದಿ ಹಪ್ಪಳದ ಚಿಂತಿ ಮಾಡ್ಯಾನ! ಇಂಥಾ ತ್ಯಾಗಕ್ಕ ನಾ ಅಡ್ಡ ಬರೂದಿಲ್ಲ.”

ಚಪ್ಪಾಳೆ ಬಿತ್ತು. ಈರಬಸಪ್ಪ “ಮೇಲಿನಂತೆ” ಎಂದು ಅನುಮೋದಿಸಿದ. ಬಾಗಿಲಲ್ಲಿ ನಿಂತ ರಂಗೂಬಾಯಿ, “ಹೊಟ್ಯಾಗ ಹುಟ್ಟಿದ ಮಗಾನೂ ಇಷ್ಟ ಮಾಡೂದಿಲ್ಲವ್ವಾ,” ಎಂದು ಸೆರಗಿನಿಂದ ಮೂಗೊರಸಿಕೊಂಡು, ಹಪ್ಪಳದ ಮೊರ ಎತ್ತಿಕೊಂಡು ಮೆಟ್ಟಿಲೇರಿದಳು.

ಟಾಂಗಾ ಬಂತು. ಟ್ರಂಕು ಹೊತ್ತು ಅವಧೂತ ಮುಂದೆ, ಇಂದೂ ಹಿಂದೆ. ಮಾಳಿಗೆಯಲ್ಲಿ ಹೊಸ ಜಮಖಾನೆಯ ತುಂಬ ಹಪ್ಪಳಗಳು ಕಾಲುಚಾಚಲು ಜಾಗವಿಲ್ಲದಂತೆ ಮಲಗಿದ್ದವು.

“ಖೋಲಿ ಆಗೇದ ಅಂತ ಬರದಿದ್ರೀ?” ಎಂದಳು ಇಂದೂ.

ಅವಧೂತ ಕಿಸೆಗೆ ಕೈಹಾಕಿ, ಸಿಕ್ಕ ಕಾಗದದ ಚೂರನ್ನು ಅವಳ ಕೈಗಿಟ್ಟ. ಅವಳು ‘ಆದ್ರ’ ಎಂದು ಓದುತ್ತಿದ್ದಂತೆ ರಂಗೂಬಾಯಿ ಅವಳ ಇನ್ನೊಂದು ಕೈಗೆ ಕೋಲು ಕೊಟ್ಟಳು. “ಛಲೋ ಹೊತ್ತಿಗೆ ಬಂದಿ ತಂಗಿ. ಇಲ್ಲೇ ಕಿಡಕಿ ಹಂತ್ಯಾಕ ಕೂಡು, ಕಾಗಿ ಬರ್ತಾವ.”