ನಾನು ಮುಟ್ಟಿದರೆ ಸ್ಟಾರ್ಟ್ ಆಗದ ಗಾಡಿ ಇಲ್ಲ

ಕೆಟ್ಟು ನಿಂತ ಗಾಡಿಗೂ ನನಗೂ ಯಾವ ಜನ್ಮದ ನಂಟೋ, ನಾನು ಹೋದ ಕಡೆಯೆಲ್ಲ ಒಂದು ನಿಂತೇ ಇರುತ್ತೆ. ನನಗೆ ಮೀಸೆ ಚಿಗುರೋ ವಯಸ್ಸಲ್ಲಿ ಮುಳಬಾಗಿಲು ಹತ್ತಿರ ಆಂಧ್ರದ ಲಾರಿಯೊಂದು ಮೂರು ದಿನ ನಿಂತಿತ್ತು. ಮೆಕ್ಯಾನಿಕ್‌ಗಳೆಲ್ಲ ಕೈಚೆಲ್ಲಿದ್ದರು. ನಾನು ಬಾನೆಟ್ ಎತ್ತಿ, ಒಳಕ್ಕೆ ಬಾಯಿಟ್ಟು, ‘ಲೇವಯ್ಯಾ ನಾಯನಾ’ ಅಂತ ತೆಲುಗಲ್ಲಿ ಎಬ್ಬಿಸಿದೆ. ಗುಡುಗುಟ್ಟಿಕೊಂಡು ಎದ್ದಿತು. ಎಂಜಿನ್ ಆಂಧ್ರದ್ದು, ಇವರು ಕನ್ನಡದಲ್ಲಿ ರಿಪೇರಿ ಮಾಡ್ತಾ ಕೂತಿದ್ದರು! ಕಣ್ಣಾರೆ ಕಂಡ ನಾಲ್ವರೂ ಈಗಿಲ್ಲ. ಲಾರಿಯೂ ಗುಜರಿಗೆ ಹೋಯಿತು. ಸುಳ್ಳು ಅನ್ನೋರು ಅವರನ್ನೇ ಕೇಳಿ ಬರಲಿ.

ಬೈಕಿನ ಹಣೆ

ದಸರಾ ರಜೆ ಮುಗಿದು ಸ್ಕೂಲು ಶುರುವಾದ ದಿನ, ನಮ್ಮ ಬೀದಿ ಮೇಷ್ಟ್ರ ಬೈಕಿಗೆ ಕೀ ಒಳಗೇ ಹೋಗ್ತಿಲ್ಲ. ಮೇಷ್ಟ್ರು ಹೊತ್ತಾಯಿತು ಅಂತ ಕುಣೀತಿದ್ದಾರೆ. ನೋಡಿದರೆ ಆಯುಧಪೂಜೆಯ ಅರಿಶಿನ, ಕುಂಕುಮ, ಗಂಧ ಎಲ್ಲ ಕೀ ತೂತಲ್ಲಿ ಒಣಗಿ ಗಾರೆ ಆಗಿದೆ.

‘ಯಾರಮ್ಮಾ ಇಲ್ಲಿ ಮೆತ್ತಿದ್ದು?’

‘ಗಾಡಿಗೆ ಹಣೆ ಯಾವುದು ಅಂತ ಗೊತ್ತಾಗಲಿಲ್ಲ ಮಾವ,’ ಅಂದಳು ಮೇಷ್ಟ್ರ ಹೆಂಡತಿ. ‘ಇವರು ದಿನಾ ಮೊದಲು ಮುಟ್ಟೋದು ಅದನ್ನೇ ಅಲ್ವಾ?’

ಪಿನ್ನಿಂದ ಕೆರೆದು ತೆಗೆದೆ. ಪ್ರಸಾದ, ಬಿಸಾಡಬಾರದು ಅಂತ ಆಕೆ ಅದನ್ನೇ ಗಂಡನ ಹಣೆಗೆ ಇಟ್ಟು ಕಳಿಸಿದಳು. ಗ್ರೀಸ್ ಸಮೇತ.

ಬಗ್ಗಿಸೋ ವಿದ್ಯೆ

ಸ್ಕೂಟರು ಸ್ಟಾರ್ಟ್ ಆಗದಿದ್ದರೆ ಒಂದು ಮಗ್ಗುಲಿಗೆ ಬಗ್ಗಿಸಿ ಎತ್ತಬೇಕು. ಇದು ನಮ್ಮ ಕಾಲದ ವಿದ್ಯೆ. ಶ್ರೀನಿವಾಸಪುರದಲ್ಲಿ ಒಬ್ಬ ನರ್ಸಮ್ಮನ ಹೊಸ ಸ್ಕೂಟರು ನಿಂತಿತ್ತು. ಅವಳು ಕೇಳೋಕೂ ಮುಂಚೆ ಹೋಗಿ ಎಡಕ್ಕೆ ಬಗ್ಗಿಸಿದೆ, ಬಲಕ್ಕೆ ಬಗ್ಗಿಸಿದೆ. ಊಟದ ಡಬ್ಬಿಯಿಂದ ಸಾರು ಸುರೀತು, ಸ್ಕೂಟರು ಮಾತ್ರ ಉಸಿರೆತ್ತಲಿಲ್ಲ.

‘ಪೆಟ್ರೋಲ್ ಇದೆಯೇನಮ್ಮಾ?’

‘ತಾತಾ, ಇದು ಕರೆಂಟ್ ಗಾಡಿ. ಇದಕ್ಕೆ ಪೆಟ್ರೋಲೇ ಹಾಕಲ್ಲ.’

‘ನೋಡಿದ್ಯಾ! ಪೆಟ್ರೋಲ್ ಇಲ್ಲ ಅಂತ ಬಗ್ಗಿಸಿದಾಗಲೇ ನನಗೆ ಗೊತ್ತಾಯ್ತು.’

ಹಟ ಹಿಡಿದ ಗಣಪತಿ

ಶಿವಾರಪಟ್ಟಣದಿಂದ ಆವನಿ ಪಕ್ಕದ ಹಳ್ಳಿಗೆ ಟ್ರ್ಯಾಕ್ಟರಲ್ಲಿ ಕಲ್ಲಿನ ಗಣಪತಿ ಹೊರಟಿತ್ತು. ಹನ್ನೊಂದಕ್ಕೆ ಪ್ರತಿಷ್ಠೆ. ತಪ್ಪಿದರೆ ಮೂರು ತಿಂಗಳು ಮುಹೂರ್ತವೇ ಇಲ್ಲ ಅಂತ ಕೆತ್ತಿದ ಶಿಲ್ಪಿ ಪಕ್ಕದಲ್ಲೇ ಕೂತು ಡ್ರೈವರನ್ನ ಅವಸರ ಮಾಡ್ತಾ ಇದ್ದ. ನಾನು ಮಡ್ಗಾರ್ಡ್ ಮೇಲೆ ಕೂತಿದ್ದೆ. ಹೆಂಡತಿಗೆ ಅಂತ ಕೊಂಡ ಕಲ್ಲಿನ ಪುಟ್ಟ ಒರಳು ಚೀಲದಲ್ಲಿ, ಚೀಲ ನನ್ನ ತೊಡೆ ಮೇಲೆ. ಕೋಲಾರ ದಾಟಿ ಟೀಗೆ ನಿಲ್ಲಿಸಿದಾಗ, ಡ್ರೈವರ್ ಮುಂದೆ ಗೂಟದ ಹಾಗೆ ಚಾಚಿದ್ದ ಕರೀ ಗುಂಡಿಗೆ ಚೀಲ ನೇತುಹಾಕಿ ಇಳಿದೆ.

ವಾಪಸ್ ಬಂದರೆ ಗಾಡಿ ಸ್ಟಾರ್ಟೇ ಆಗಲ್ಲ. ಡ್ರೈವರ್ ಬ್ಯಾಟರಿ ವೈರ್ ಅಲ್ಲಾಡಿಸಿದ, ಡೀಸೆಲ್ ಪೈಪ್ ಊದಿದ. ‘ಗಣಪತಿಗೆ ಊರು ಬಿಡೋಕೆ ಮನಸ್ಸಿಲ್ಲ’ ಅಂದ್ರು ದಾರೀಲಿ ಹೋಗೋರು. ಕಾಯಿ ಒಡೆದಾಯ್ತು, ಚಕ್ರಕ್ಕೆ ನಿಂಬೆಹಣ್ಣು ಇಟ್ಟಾಯ್ತು. ಶಿಲ್ಪಿ ನನ್ನ ಕೈ ಹಿಡ್ಕೊಂಡ. ‘ಏನಾದ್ರೂ ಮಾಡಿ ಯಜಮಾನ್ರೇ, ಆರು ತಿಂಗಳ ಕೆಲಸ.’

ಚೀಲ ಇಳಿಸ್ಕೊಂಡೆ. ಒಳಗಿಂದ ವಿಭೂತಿ ತೆಗೆದು ಬಾನೆಟ್‌ಗೆ ಮೂರು ಪಟ್ಟೆ ಎಳೆದೆ. ‘ಪದ ನಾಯನಾ, ಪೊದ್ದು ಪೋತಾ ಉಂದಿ’ ಅಂದೆ. ನಡಿಯಪ್ಪಾ, ಹೊತ್ತಾಗ್ತಾ ಇದೆ ಅಂತ. ‘ಈಗ ತಿರುಗಿಸೋ!’ ಢಬಢಬ ಅಂತ ಶುರುವಾಗೇ ಬಿಡ್ತು. ಶಿಲ್ಪಿ ನನ್ನ ಕಾಲಿಗೇ ಬಿದ್ದ. ಹನ್ನೊಂದಕ್ಕೆ ಸರಿಯಾಗಿ ಗಣಪತಿ ಪೀಠ ಏರಿದ.

ಮೊನ್ನೆ ಮಾಲೂರು ಬಸ್‌ಸ್ಟ್ಯಾಂಡಿನ ಟೀ ಅಂಗಡೀಲಿ ಇದನ್ನ ಹೇಳಿ ಮುಗಿಸಿದೆ. ಹಿಂದಿನ ಬೆಂಚಿಂದ ಒಬ್ಬ ಕೇಳಿದ: ‘ತಾತಾ, ಆ ಕರೀ ಗುಂಡಿ ಯಾತಕ್ಕೆ ಗೊತ್ತಾ?’

‘ಚೀಲ ನೇತುಹಾಕೋಕೆ ಅಲ್ವೇನೋ?’

‘ಅದನ್ನ ಎಳೆದ್ರೆ ಡೀಸೆಲ್ ನಿಂತು ಎಂಜಿನ್ ಆಫ್ ಆಗುತ್ತೆ. ನಿಮ್ಮ ಒರಳು ಅದನ್ನ ಎಳ್ಕೊಂಡು ಜೋತಾಡ್ತಾ ಇತ್ತು. ನೀವು ಚೀಲ ತೆಗೆದ್ರಿ, ಗುಂಡಿ ಒಳಕ್ಕೆ ಹೋಯ್ತು, ನನಗೂ ಆಗಲೇ ಹೊಳೆದಿದ್ದು. ಆವತ್ತೇ ಹೇಳೋಣ ಅಂದ್ಕೊಂಡೆ, ಅಷ್ಟರಲ್ಲಿ ಶಿಲ್ಪಿ ನಿಮ್ಮ ಕಾಲಲ್ಲಿದ್ರು.’

ತಿರುಗಿ ನೋಡಿದರೆ ಅದೇ ಡ್ರೈವರ್. ಅಂಗಡೀಲಿ ಇದ್ದೋರೆಲ್ಲ ಲೋಟ ಕೆಳಗಿಟ್ಟು ನನ್ನ ಮುಖಾನೇ ನೋಡ್ತಾ ಇದ್ದಾರೆ.

ಟವಲ್ ಕೊಡವಿ ಹೆಗಲಿಗೆ ಹಾಕ್ಕೊಂಡೆ. ‘ನಿಲ್ಲಿಸಿದವನೂ ನಾನೇ, ಹೊರಡಿಸಿದವನೂ ನಾನೇ. ಎರಡರಲ್ಲಿ ಒಂದಾದ್ರೂ ನಿನ್ನ ಕೈಲಿ ಆಯ್ತೇನ್ಲಾ ಆವತ್ತು?’