ಶಂಕರಪೋಳಿಯ ಮೂರನೇ ದಾರಿ

ಚಿತ್ರದಲ್ಲಿ ಚಹಾ ಇರಲಿಲ್ಲ. ಎಲ್ಲ ಶುರುವಾದದ್ದು ಅಲ್ಲಿಂದ.

ಸುಲ್ತಾನ್ ಬಜಾರಿನ ಮಲ್ಲಪ್ಪನವರ ಸೀರೆ ಅಂಗಡಿಗೆ ಕಂಪ್ಯೂಟರ್ ಬರುವುದಿತ್ತು. ಅದಕ್ಕೆ ಮೊದಲು ಅಂಗಡಿಯ ಕೆಲಸ ಹೇಗೆ ನಡೆಯುತ್ತದೆಂದು ಚೌಕ, ಬಾಣಗಳ ಚಿತ್ರ ಬರೆದು, 'ಹೌದು, ಹೀಗೇ' ಎಂದು ಮಾಲೀಕರ ಸಹಿ ಪಡೆಯಬೇಕು. ಕಂಪ್ಯೂಟರ್ ಕಂಪನಿಯ ಮೈಸೂರಿನ ಹುಡುಗ ಸೂರಜ್ ವಾರವಿಡೀ ಅಂಗಡಿಯ ಮೂಲೆಯಲ್ಲಿ ಕೂತು ಬರೆದಿದ್ದ. ಹಾಳೆ ಇಸ್ತ್ರಿ ಮಾಡಿದ ಅಂಗಿಯ ಹಾಗಿತ್ತು. "ಇವತ್ತು ಸಹಿ ತಂದರೆ ಪ್ರಾಜೆಕ್ಟ್ ನಿನ್ನದು. ಇಲ್ಲದಿದ್ದರೆ ಮನೋಜನಿಗೆ," ಎಂದಿದ್ದರು ಅವನ ಮೇಲಧಿಕಾರಿ ಸತ್ಯಭಾಮಾ.

ಮಲ್ಲಪ್ಪ ಕನ್ನಡಕ ಏರಿಸಿದರು. "ಗಿರಾಕಿ ಬಂದ್ರು, ಸೀರಿ ತೋರ್ಸಿದ್ವಿ. ನಡುವ ಚಹಾ ಎಲ್ಲೈತ್ರಿ?"

ಸೂರಜ್ ಚಹಾಕ್ಕೊಂದು ಚೌಕ ಹಾಕಿದ.

ಸೀರೆ ಮಡಚುತ್ತಿದ್ದ ಅಂಗಡಿಯ ಕೆಲಸಗಾರ್ತಿ ಅಂಬುಬಾಯಿ, ಕರಿದ ಸಿಹಿತಿಂಡಿಯ ತುಂಡಿನಂತಿದ್ದ ನಡುವಿನ ಓರೆಚೌಕಕ್ಕೆ ಬೆರಳಿಟ್ಟರು. "ಈ ಶಂಕರಪೋಳಿ ಯಾಕ್ರಿ?"

"ಅದು ಪ್ರಶ್ನೆ ಅಮ್ಮ. ಸೀರೆ ಇಷ್ಟ ಆಯ್ತಾ? ಹೌದು ಅಂದ್ರೆ ಬಿಲ್ಲಿಗೆ. ಇಲ್ಲ ಅಂದ್ರೆ ಇನ್ನೊಂದು ಸೀರೆಗೆ."

"ಬಿಚ್ಚೂದಷ್ಟ ಬರದೀರಿ. ಮಡಚೋರು ಮನಷ್ಯಾರಲ್ಲೇನು?"

ಮಡಚುವುದಕ್ಕೂ ಚೌಕ ಬಂತು.

"ಈ ಮೂರನೇ ಬಾಣ?" ಮಲ್ಲಪ್ಪ ಕೇಳಿದರು.

ಸೂರಜನ ಎದೆ ಉಬ್ಬಿತು. ಅದು ಯಾರೂ ಹೇಳಿಕೊಡದೆ ಅವನೇ ಕಂಡುಹಿಡಿದದ್ದು. "ಎಲ್ಲಾ ನೋಡಿ, ಚಹಾ ಕುಡಿದು, 'ಮನೇಲಿ ಕೇಳಿ ಬರ್ತೀವಿ' ಅಂತ ಹೋಗ್ತಾರಲ್ಲ ಸರ್, ಅವರದು. ಸೀದಾ ರಸ್ತೆಗೆ. ವಾಪಸ್ ಬಾಣ ಇಲ್ಲ."

"ಶಭಾಷ್ ತಮ್ಮಾ. ನನ್ನ ಅರ್ಧ ಆಯುಷ್ಯ ಈ ಬಾಣದಾಗ ಹೋಗೇತಿ."

ಸೂರಜ್ ಪೆನ್ನು ಚಾಚಿದ.

"ತಡೀರಿ. ಬ್ಯಾರೆ ಬಣ್ಣದಾಗ ಐತೇನು?"

ಸೂರಜ್ ಓಡಿಹೋಗಿ ನೀಲಿಯಲ್ಲಿ ಮುದ್ರಿಸಿ ತಂದ. ನೀಲಿ ಕಣ್ಣಿಗೆ ಹೊಡೆಯಿತು. ಹಸಿರು ತಂದ. ಹಸಿರಿಗೆ ಅಂಚು ಬೇಕಾಯಿತು. ಅಂಚಿನದು ಬಂದಾಗ ಪಕ್ಕದ ಅಂಗಡಿಯ ಜನಾರ್ದನ ಬಂದು ಕಾಗದವನ್ನು ಬೆರಳ ನಡುವೆ ಉಜ್ಜಿ ನೋಡಿ, "ತೊಳದ್ರ ಬಣ್ಣ ಬಿಡಂಗಿಲ್ಲಲ್ಲ?" ಎಂದು ಕೀಟಲೆ ಮಾಡಿದರು. ಸೂರಜನೇ ಎಲ್ಲರಿಗೂ ಚಹಾ ತರಿಸಿದ. ಗಾದಿಯ ಮೇಲೆ ಹಾಳೆಗಳು ದೀಪಾವಳಿಯ ಸೀರೆಗಳಂತೆ ಹರಡಿಬಿದ್ದವು.

"ಮೊದಲನೇದು ಇನ್ನೊಮ್ಮೆ ತೋರ್ಸ್ರಿ," ಎಂದರು ಮಲ್ಲಪ್ಪ.

ತೋರಿಸಿದ. ಹೊರಗೆ ಅಂಗಡಿಗಳ ಬಾಗಿಲು ಇಳಿಯತೊಡಗಿದವು. ಮಲ್ಲಪ್ಪ ಚಹಾದ ಕಪ್ಪು ಕೆಳಗಿಟ್ಟು, ಚಪ್ಪಲಿ ಹುಡುಕಿ ಕಾಲಿಗೆ ಹಾಕಿದರು.

"ಎಲ್ಲಾ ಭಾಳ ಚೆಂದ ಅದಾವ್ರಿ. ಮನ್ಯಾಗ ಒಂದ್ಮಾತ್ ಕೇಳಿ ಬರ್ತೀನಿ."

ತಮ್ಮದೇ ಅಂಗಡಿಯಿಂದ ಇಳಿದು ಸೀದಾ ರಸ್ತೆಗೆ ಹೋದರು.

ಅಂಬುಬಾಯಿ ಹಾಳೆಗಳನ್ನು ಮಡಚತೊಡಗಿದರು. ಸೂರಜನ ಫೋನು ರಿಂಗಣಿಸಿತು.

"ಚಿತ್ರ ಹೇಗೆ ಬಂತಪ್ಪ?" ಸತ್ಯಭಾಮಾ ಕೇಳಿದರು.

"ಒಂದು ಬಾಣವೂ ತಪ್ಪಿಲ್ಲ ಮೇಡಂ." ಸೂರಜನ ದನಿಯಲ್ಲಿ ಹೆಮ್ಮೆಯಿತ್ತು.

"ಹಾಗಾದರೆ ಸಹಿ?"

"ಅಷ್ಟು ಸರಿಯಾಗಿದ್ದಕ್ಕೇ ಬರಲಿಲ್ಲ ಮೇಡಂ."